ಮಾಡೆಲಿಂಗ್‌ನಿಂದ ಸಿನಿಮಾಕ್ಕೆ ಬರೋರು ದುಡ್ಡು ಯಾವುದಕ್ಕೆ ಹಾಕ್ಬೇಕು?

ಹಾಸನದವಳು:
ಬೆಂಗಳೂರಲ್ಲಿ ಸೀರೆ, ಒಡವೆ ಕ್ಯಾಟಲಾಗ್ ಶೂಟ್, ಆಗೀಗ ರ‍್ಯಾಂಪ್ ಮಾಡ್ತಿದ್ದೀನಿ. ಈಗ ಒಂದು ಕನ್ನಡ ಸಿನಿಮಾದವರು ಎರಡನೇ ನಾಯಕಿ ಪಾತ್ರಕ್ಕೆ ಸೆಲ್ಫ್ ಟೇಪ್ (ನಾವೇ ನಟಿಸಿ ತೆಗೆದ ಆಡಿಷನ್ ವಿಡಿಯೊ) ಕಳಿಸಿ ಅಂದಿದ್ದಾರೆ. ಹೊಸ ಪೋರ್ಟ್‌ಫೋಲಿಯೊಗೆ, ಅಂದ್ರೆ ಫೋಟೋ ಆಲ್ಬಂಗೆ, ಒಬ್ಬರು 45,000 ಕೇಳ್ತಿದ್ದಾರೆ. ಮಾಡಿಸ್ಲಾ, ಇಲ್ಲ ಅದೇ ದುಡ್ಡಲ್ಲಿ ನಟನೆ ಕಲೀಲಾ? ಡಬ್ಬಿಂಗ್ ಬೇರೆಯವರ ಕೈಲಿ ಮಾಡಿಸ್ತಾರಂತೆ. ಒಡವೆ ಅಂಗಡಿ ಜಾಹೀರಾತಿನ ಅಗ್ರಿಮೆಂಟ್ ಇನ್ನೂ ಏಳು ತಿಂಗಳಿದೆ. ಗೊತ್ತಿರೋರು ಹೇಳಿ.

ಫೋಕಸ್ ಎಳೆಯೋನು:
ಪೋರ್ಟ್‌ಫೋಲಿಯೊ ಕಟ್ಟಿ ಆಚೆಗಿಡಿ ಮೇಡಂ. ಪಾತ್ರಕ್ಕೆ ಜನ ಆರಿಸೋ ಕಾಸ್ಟಿಂಗ್‌ನವರಿಗೆ ಬೇಕಾಗೋದು ಕಿಟಕಿ ಬೆಳಕಲ್ಲಿ ತೆಗೆದ, ರಿಟಚ್ ಇಲ್ಲದ ಮೂರು ಫೋಟೋ: ಎದುರಿಂದ, ಪಕ್ಕದಿಂದ, ಪೂರ್ತಿ ನಿಂತಿದ್ದು. ಮಾಡೆಲ್‌ಗಳು ಸೆಟ್ಟಲ್ಲಿ ಎಡವೋದು ಅಭ್ಯಾಸದಿಂದ. ಡೈಲಾಗ್ ಮುಗೀತಿದ್ದಂಗೆ ಗದ್ದ ಮುಂದೆ ಬಂದು ಮುಖ ಪೋಸಿಗೆ ನಿಂತುಬಿಡುತ್ತೆ. ಎಡಿಟರ್‌ಗೆ ಆ ಶಾಟಿನ ಕೊನೇ ಭಾಗ ದಂಡ. 85 ಎಂಎಂ ಲೆನ್ಸಿನ ಅಪರ್ಚರ್ (ಬೆಳಕು ಬಿಡೋ ಕಿಂಡಿ) 1.8ಕ್ಕೆ ತೆರೆದು ಒಂದೂವರೆ ಮೀಟರಿಂದ ಕ್ಲೋಸಪ್ ಹಿಡಿದ್ರೆ ಶಾರ್ಪ್ ಇರೋದು ಎರಡು ಬೆರಳಗಲ. ನೆಲದ ಟೇಪ್ ಗುರುತಿನಿಂದ ಅರ್ಧ ಹೆಜ್ಜೆ ವಾಲಿದ್ರೂ ಕಣ್ಣು ಮಬ್ಬು, ಇನ್ನೊಂದು ಟೇಕ್. ಮಾಸ್ಟರ್‌ನಲ್ಲಿ (ಇಡೀ ಸೀನು ಒಟ್ಟಿಗೆ ಹಿಡಿಯೋ ಶಾಟ್) ಯಾವ ಪದಕ್ಕೆ ಯಾವ ಕೈಲಿ ಲೋಟ ಎತ್ತಿದ್ರೋ ಕ್ಲೋಸಪ್‌ನಲ್ಲೂ ಅದೇ ಪದ, ಅದೇ ಕೈ.

ಸೆಲ್ಫ್ ಟೇಪ್‌ಗೆ ಫೋನ್ ಅಡ್ಡ ಹಿಡೀರಿ, ಹಿಂದೆ ಬೋಳು ಗೋಡೆ, ಎದೆಯಿಂದ ಮೇಲಕ್ಕೆ ಫ್ರೇಮ್. ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ನಮ್ಮ ಕರೆಂಟ್ 50 ಹರ್ಟ್ಜ್, 30 ಫ್ರೇಮ್ ಇಟ್ಟು ಶಟರನ್ನ 1/60 ಮಾಡಿದ್ರೆ ಅಗ್ಗದ ಎಲ್‌ಇಡಿ ಕೆಳಗೆ ಪಟ್ಟೆ ಓಡ್ತವೆ. ಎದುರು ಮಾತು ಓದೋರು ಲೆನ್ಸ್ ಪಕ್ಕದಲ್ಲೇ ನಿಮ್ಮ ಕಣ್ಣೆತ್ತರಕ್ಕೆ ಕೂರಲಿ. ಹೆಸರು, ಎತ್ತರ, ಊರು ಹೇಳೋವಾಗ ಮಾತ್ರ ಲೆನ್ಸ್ ನೋಡಿ. ಫ್ಯಾನ್ ಆಫ್.

ಸ್ಟುಡಿಯೊ ರಾಯ:
45,000 ಅಂದ ತಕ್ಷಣ ಕಳ್ಳರು ಅನ್ಬೇಡಿ. ಸ್ಟುಡಿಯೊ ಅರ್ಧ ದಿನ 8,000, ಮೇಕಪ್ ಮತ್ತು ಹೇರ್ 10,000, ಸ್ಟೈಲಿಸ್ಟ್ ಬಟ್ಟೆ ಸಮೇತ 7,000, ಅಸಿಸ್ಟೆಂಟ್ ಇಬ್ಬರಿಗೆ 3,000, ಇಪ್ಪತ್ತು ಫೋಟೋ ರಿಟಚ್‌ಗೆ 500ರಂತೆ 10,000. ಕ್ಯಾಮೆರಾ ಹಿಡಿದವನಿಗೆ ಉಳಿಯೋದು 7,000. ಕಿಟಕಿ ಬೆಳಕಂತೆ!

ಫೋಕಸ್ ಎಳೆಯೋನು:
ಲೆಕ್ಕ ಸರಿ ಸಾರ್. ಚರ್ಮದ ರಂಧ್ರ ಅಳಿಸೋಕೆ ಕೊಡೋ ಆ 10,000 ಸಿನಿಮಾಕ್ಕೆ ಬೇಡ ಅಂತಿದ್ದೀನಿ. ಫೋಟೋ ನೋಡಿ ಕರೆಸಿ, ಬಾಗಿಲಲ್ಲಿ ಬೇರೆ ಮುಖ ಕಂಡ್ರೆ ಅಲ್ಲೇ ಪಾತ್ರ ಹೋಯ್ತು.

ಧಾರವಾಡದ ನಾಟಕದವ:
ಟೇಪು, ಗುರುತು ಎಲ್ಲಾ ಎರಡು ದಿನದ ಮಾತು. ಉಸಿರು ಯಾವಾಗ ಕಲೀತಿ ತಂಗಿ? ಕನ್ನಡದಾಗ ಕ್ರಿಯಾಪದ ಕೊನೀಗೆ ಬರ್ತೈತಿ. ಉಸಿರು ಸಾಲಲಿಲ್ಲ ಅಂದ್ರ ಅದನ್ನ ನುಂಗತೀರಿ, ‘ಬರ್ತೀನಿ’ ಅಂದ್ರೋ ‘ಬರೂದಿಲ್ಲ’ ಅಂದ್ರೋ ಕೇಳಿದಾವ್ರಿಗೆ ತಿಳಿಯಂಗಿಲ್ಲ. ದಿನಾ ಒಂದು ಪುಟ ಜೋರಾಗಿ ಓದ, ವಾಕ್ಯ ಮುಗಿಯೂತನಕ ದನಿ ಇಳೀಬಾರದು. ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡಾಕತ್ತೈತಿ, ಮೈಸೂರಾಗ ರಂಗಾಯಣ ಐತಿ. ಎಂಟು ವಾರಾಂತ್ಯದಾಗ ನಾಯಕಿ ಮಾಡ್ತೀವಿ ಅನ್ನೋ ಕೋರ್ಸಿಗೆ ರೊಕ್ಕ ಸುರೀಬ್ಯಾಡ.

ಫೋಕಸ್ ಎಳೆಯೋನು:
ನಾಟಕದೋರು ಕ್ಲೋಸಪ್‌ನಲ್ಲೂ ಕಟ್ಟಕಡೆಯ ಕುರ್ಚಿಯವನಿಗೆ ಕಾಣೋ ಹಂಗೆ ಹುಬ್ಬು ಹಾರಿಸ್ತಾರೆ. ಅದನ್ನ ಬಿಡಿಸೋಕೆ ಎಷ್ಟು ಟೇಕ್ ಹೋಗುತ್ತೆ ಅಂತಾನೂ ಹೇಳಿ ಸಾರ್.

ಧಾರವಾಡದ ನಾಟಕದವ:
ಹೆಚ್ಚಿದ್ದದ್ದನ್ನ ಇಳಿಸಬಹುದೋ ತಮ್ಮಾ. ಇಲ್ಲದ್ದನ್ನ ಎಲ್ಲಿಂದ ತರ್ತಿ?

ಮಲ್ಲೇಶ್ವರಂ 18ನೇ ಕ್ರಾಸ್:
ಈ ಉಸಿರು ಗಿಸಿರು ಸಾಕು. ದೀಪಿಕಾ ಪಡುಕೋಣೆ 2005ರಲ್ಲಿ ಲ್ಯಾಕ್ಮೆ ಫ್ಯಾಷನ್ ವೀಕ್, 2006ರಲ್ಲಿ ಕಿಂಗ್‌ಫಿಷರ್ ಕ್ಯಾಲೆಂಡರ್, ಹಿಮೇಶ್ ರೇಷಮಿಯಾ ಮ್ಯೂಸಿಕ್ ವಿಡಿಯೊ, ಅದೇ ವರ್ಷ ಉಪೇಂದ್ರ ಎದುರು ‘ಐಶ್ವರ್ಯ’, 2007ರಲ್ಲಿ ‘ಓಂ ಶಾಂತಿ ಓಂ’. ಅವರು ಯಾವ ಹೆಗ್ಗೋಡಿಗೆ ಹೋಗಿದ್ರು?

ಡಬ್ಬಿಂಗ್ ಅಕ್ಕ:
ಹೆಗ್ಗೋಡಿಗೆ ಹೋಗ್ಲಿಲ್ಲ, ಮುಂಬೈನಲ್ಲಿ ಅನುಪಮ್ ಖೇರ್ ಶಾಲೆಗೆ ಹೋದ್ರು. ‘ಓಂ ಶಾಂತಿ ಓಂ’ನಲ್ಲಿ ಕೇಳಿಸೋ ದನಿ ಮೋನಾ ಘೋಷ್ ಶೆಟ್ಟಿಯವರದ್ದು. ಅರ್ಧ ತಿಳ್ಕೊಂಡು ಬರೀಬೇಡಿ.

ಹಾಸನದ ಹುಡುಗಿಗೆ: ‘ಡಬ್ಬಿಂಗ್ ಬೇರೆಯವರ ಕೈಲಿ’ ಅನ್ನೋದು ಉಪಕಾರ ಅಲ್ಲಮ್ಮ. ಸಂಭಾವನೆ ಕಂತಲ್ಲಿ ಬರುತ್ತೆ, ಅದರಲ್ಲಿ ಸಿಕ್ಕಿಹಾಕ್ಕೊಳ್ಳೋದು ಕೊನೇ ಕಂತು. ಶೂಟಿಂಗ್ ಮುಗಿದ ಮೇಲೆ ನಿರ್ಮಾಪಕರಿಗೆ ನಿಮ್ಮಿಂದ ಇನ್ನೂ ಬೇಕಾಗಿರೋದು ದನಿ ಒಂದೇ. ಅದಕ್ಕೇ ಅನುಭವಸ್ಥರು ಬಾಕಿ ಕೈಗೆ ಬಂದ ಮೇಲೇ ಡಬ್ಬಿಂಗ್ ಥಿಯೇಟರ್ ಮೆಟ್ಟಿಲು ಹತ್ತೋದು. ದನಿ ಮೊದಲೇ ಬಿಟ್ಟುಕೊಟ್ರೆ ಆ ಹಿಡಿತ ಹೋಯ್ತು.

ಸೆಟ್ಟಲ್ಲಿ ಪೈಲಟ್ ಟ್ರ್ಯಾಕ್, ಅಂದ್ರೆ ಡಬ್ಬಿಂಗ್‌ಗೆ ಆಧಾರವಾಗೋ ಸೆಟ್ಟಿನ ಧ್ವನಿ, ತಗೊಂಡೇ ತಗೋತಾರೆ. ಅಲ್ಲೂ ಡೈಲಾಗ್ ಪೂರ್ತಿ ಹೇಳಿ, ಬರೀ ತುಟಿ ಆಡಿಸ್ಬೇಡಿ. ಪೈಲಟ್ ಚೆನ್ನಾಗಿದ್ರೆ ‘ನಾನೇ ಮಾಡ್ತೀನಿ’ ಅನ್ನೋಕೆ ಬಾಯಿ ಬರುತ್ತೆ. ಳಕಾರ, ಹಕಾರ ತಿದ್ದಿಕೊಳ್ಳಿ. ‘ಆಲು ಕುಡುದ್ಲು’ ಹಳ್ಳಿ ಪಾತ್ರಕ್ಕೆ ಸರಿ, ವಕೀಲೆ ಪಾತ್ರಕ್ಕೆ ಆಗಲ್ಲ.

ಮಲ್ಲೇಶ್ವರಂ 18ನೇ ಕ್ರಾಸ್:
ಹಾಗಾದ್ರೆ ದನಿ ಇಲ್ಲದೇನೂ ಸ್ಟಾರ್ ಆಗಬಹುದು ಅಂತ ನೀವೇ ಒಪ್ಪಿಕೊಂಡ ಹಾಗಾಯ್ತು.

ಡಬ್ಬಿಂಗ್ ಅಕ್ಕ:
ಎದುರಿಗೆ ಶಾರುಖ್ ಖಾನ್, ಡೈರೆಕ್ಟರ್ ಫರಾ ಖಾನ್ ಇದ್ರೆ ಆಗಿ ಸ್ವಾಮಿ, ಯಾರು ಬೇಡ ಅಂದ್ರು.

ಲೆಕ್ಕದ ಮೇಷ್ಟ್ರು:
ಒಡವೆ ಅಗ್ರಿಮೆಂಟ್ ಬಗ್ಗೆ ಯಾರೂ ಮಾತೇ ಆಡ್ಲಿಲ್ಲ. ನಾಲ್ಕು ಸಾಲು ಹುಡುಕಿ: ಯಾವ ಬಗೆಯ ಉತ್ಪನ್ನಕ್ಕೆ ಎಕ್ಸ್‌ಕ್ಲೂಸಿವ್ (ಅವರಿಗೆ ಮಾತ್ರ), ಯಾವ ಮಾಧ್ಯಮ, ಯಾವ ಪ್ರದೇಶ, ಎಷ್ಟು ಅವಧಿ. ಪಾತ್ರವಾಗಿ ಸೀನಲ್ಲಿ ಬೇರೆ ಅಂಗಡಿ ಸರ ಹಾಕಿದ್ರೆ ಸಾಮಾನ್ಯವಾಗಿ ತಕರಾರು ಬರಲ್ಲ. ಅದೇ ಸರದಲ್ಲಿ ಸಿನಿಮಾ ಪ್ರಚಾರದ ಹೋರ್ಡಿಂಗ್‌ಗೆ ನಿಂತ್ರೆ ಬರುತ್ತೆ. ಈ ಏಳು ತಿಂಗಳು ಪ್ರತಿಸ್ಪರ್ಧಿ ಒಡವೆ ಬ್ರ್ಯಾಂಡ್ ಪ್ರಚಾರಕ್ಕೆ ಬರೋದಿಲ್ಲ ಅಂತ ಸಿನಿಮಾ ಅಗ್ರಿಮೆಂಟ್‌ನಲ್ಲಿ ಬರೆಸಿ.

ಲಕ್ಷ ರೂಪಾಯಿ ಬಿಲ್ಲಿಗೆ ಟಿಡಿಎಸ್ (ದುಡ್ಡು ಕೊಡೋರು ಮೊದಲೇ ಹಿಡಿಯೋ ತೆರಿಗೆ) 10,000, ಏಜೆಂಟ್ 20 ಪರ್ಸೆಂಟ್ ಅಂದ್ರೆ ಪೂರ್ತಿ ಲಕ್ಷದ ಮೇಲೆ 20,000. ಕೈಗೆ 70,000. ಆ ಟಿಡಿಎಸ್, ನೀವು ರಿಟರ್ನ್ ಹಾಕಿದಾಗ ತೆರಿಗೆಗೆ ವಜಾ ಆಗುತ್ತೆ, ಹಿಡಿದೋರು ಕಟ್ಟಿದ್ದಾರಾ ಅಂತ ಆದಾಯ ತೆರಿಗೆ ವೆಬ್‌ಸೈಟಿನ ನಿಮ್ಮ ತೆರಿಗೆ ಪಟ್ಟಿಯಲ್ಲಿ ನೋಡ್ಕೊಳ್ಳಿ. ಆಡಿಷನ್‌ಗೆ ಫೀಸು, ಆರ್ಟಿಸ್ಟ್ ಕಾರ್ಡಿಗೆ ದುಡ್ಡು ಕೇಳಿದ್ರೆ ಅಲ್ಲಿಂದಲೇ ವಾಪಸ್. ಟೈಟಲ್ ಫಿಲ್ಮ್ ಚೇಂಬರ್‌ನಲ್ಲಿ ರಿಜಿಸ್ಟರ್ ಆಗಿದೆಯಾ ಅಂತಾನೂ ವಿಚಾರಿಸಿ.

ಡೇಟ್ಸ್ (ಶೂಟಿಂಗ್‌ಗೆ ಮೀಸಲಿಡೋ ದಿನ) ಕೊಡೋಕೆ ಮುಂಚೆ ಒಂದು ಕ್ಷಣ ಯೋಚಿಸಿ. ಶ್ರೀನಿಧಿ ಶೆಟ್ಟಿ 2016ರಲ್ಲಿ ಮಿಸ್ ಸುಪ್ರಾನ್ಯಾಷನಲ್ ಆದ್ರು. ಕೆಜಿಎಫ್ ಮೊದಲ ಭಾಗ 2018ರ ಡಿಸೆಂಬರ್, ಎರಡನೇದು 2022ರ ಏಪ್ರಿಲ್, ಮಧ್ಯೆ ಅವರದ್ದು ಬೇರೆ ಸಿನಿಮಾ ತೆರೆಗೆ ಬರಲಿಲ್ಲ. ಅದು ಕೆಜಿಎಫ್, ತಡಕೊಂಡ್ರು. ಸಣ್ಣ ಸಿನಿಮಾ ಹಾಗೆ ಎಳೆದಾಡಿದ್ರೆ, ಕೂದಲು ಕತ್ತರಿಸಬಾರದು ಅನ್ನೋ ಷರತ್ತು ಬೇರೆ ಇದ್ರೆ, ಕ್ಯಾಟಲಾಗ್ ಕೆಲಸವೂ ಕೈ ಬಿಡುತ್ತೆ.

ಬಾಕಿಗೆ ಚೆಕ್ ಇಸ್ಕೊಳ್ಳಿ. ಬೌನ್ಸ್ ಆದ್ರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ ಅವರಿಗೆ 15 ದಿನ ಗಡುವು, ಆಮೇಲೆ ಒಂದು ತಿಂಗಳೊಳಗೆ ದೂರು.

ಡಬ್ಬಿಂಗ್ ಅಕ್ಕ:
ಕೋರ್ಟಿಗೆ ವರ್ಷಗಟ್ಟಲೆ ಅಲೆಯೋರು ಯಾರು ಮೇಷ್ಟ್ರೇ? ನೀವಾ?

ಲೆಕ್ಕದ ಮೇಷ್ಟ್ರು:
ಡಬ್ಬಿಂಗ್ ತಡೆಹಿಡಿಯೋ ಹೊಸಬಳನ್ನ ಮುಂದಿನ ಸಿನಿಮಾಕ್ಕೆ ಕರೆಯೋರು ಯಾರು? ನೀವಾ?

ಡಬ್ಬಿಂಗ್ ಅಕ್ಕ:
ಸರಿ, ‘ಕಲಾವಿದೆಯ ಒಪ್ಪಿಗೆ ಇಲ್ಲದೆ ಧ್ವನಿ ಬದಲಿಸುವಂತಿಲ್ಲ’ ಅಂತ ನಿಮ್ಮ ಅಗ್ರಿಮೆಂಟ್‌ಗಳಲ್ಲಿ ಎಷ್ಟಕ್ಕೆ ಹಾಕ್ಸಿದ್ದೀರಿ?

ಲೆಕ್ಕದ ಮೇಷ್ಟ್ರು:
ಹೊಸಬರಿಗೆ ಆ ಸಾಲು ಯಾವ ನಿರ್ಮಾಪಕರೂ ಒಪ್ಪಲ್ಲ. ‘ಧ್ವನಿ ಯಾರದ್ದಾದರೂ ಸಂಭಾವನೆಯಲ್ಲಿ ಕಡಿತವಿಲ್ಲ, ಪೂರ್ತಿ ಮೊತ್ತ ಶೂಟಿಂಗ್‌ನ ಕೊನೆಯ ಶೆಡ್ಯೂಲಿಗೆ ಮುಂಚೆ’ ಅಂದ್ರೆ ಒಪ್ತಾರೆ. ಕೊನೇ ಶೆಡ್ಯೂಲಲ್ಲಿ ಅವರಿಗೆ ಮುಖ ಬೇಕೇ ಬೇಕಲ್ಲ, ಅದನ್ನ ಯಾರೂ ಡಬ್ ಮಾಡೋಕಾಗಲ್ಲ.