ಉಳ್ಳಾಲದ ಕಪ್ಪು ಮರಳಿಗೆ ಮ್ಯಾಗ್ನೆಟ್ ಹಿಡಿದೆ, ಒಂದು ಪ್ರಶ್ನೆ ಇದೆ

ಪೀಣ್ಯ ರೋಟರ್:

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಎಲೆಕ್ಟ್ರಿಕ್ ಸ್ಕೂಟರ್ ಮೋಟಾರಿಗೆ ರೋಟರ್ ಜೋಡಿಸುವುದು ನಮ್ಮ ಕೆಲಸ. ಬೆರಳಗಲದ ಮ್ಯಾಗ್ನೆಟ್ ಪಟ್ಟಿಗಳಿಗೆ ಅಂಟು ಹಚ್ಚಿ ಒಂದೊಂದಾಗಿ ಕೂರಿಸಬೇಕು. ಸ್ವಲ್ಪ ಮೈಮರೆತರೂ ಎರಡು ಪಟ್ಟಿ ಹಾರಿ ಒಂದಕ್ಕೊಂದು ಬಡಿದು ಬೆರಳಿನ ಚರ್ಮ ಕಿತ್ತು ಬರುತ್ತದೆ, ಅಷ್ಟು ಜೋರು.

2025ರ ಏಪ್ರಿಲ್‌ನಲ್ಲಿ ಚೀನಾ ಏಳು ರೇರ್ ಅರ್ಥ್ ಧಾತುಗಳ (ಇಂಥ ಜೋರು ಮ್ಯಾಗ್ನೆಟ್ಟಿಗೆ ಬೇಕಾಗುವ ಲೋಹಗಳ ಗುಂಪಿನವು) ರಫ್ತಿಗೆ ಲೈಸೆನ್ಸ್ ಬೇಕೇ ಬೇಕು ಅಂದಿತಲ್ಲ, ಅದಾಗಿ ಎರಡು ತಿಂಗಳಿಗೆ ನಮ್ಮ ಸ್ಟೋರ್ ಖಾಲಿ. ಎರಡು ಪಾಳಿ ಇದ್ದದ್ದು ಒಂದಾಯಿತು. ಗುತ್ತಿಗೆ ಹುಡುಗರು ಊರಿಗೆ ಹೋದರು, ಅವರಲ್ಲಿ ಮೂವರು ತಿರುಗಿ ಬರಲೇ ಇಲ್ಲ. ಕೆಲಸ ಚೆನ್ನಾಗಿ ಕಲಿತಿದ್ದವರು.

ಈಗ ಪ್ರಶ್ನೆಗೆ ಬರುತ್ತೇನೆ. ನನ್ನ ಹೆಂಡತಿಯ ತವರು ಉಳ್ಳಾಲ. ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ಹೋದಾಗ ದಂಡೆಯಲ್ಲಿ ಕಪ್ಪು ಮರಳಿನ ಪಟ್ಟೆ ಕಂಡಿತು. ಜೇಬಲ್ಲಿ ಒಂದು ಮುರುಕು ಮ್ಯಾಗ್ನೆಟ್ ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟೆ. ಮರಳಿಗೆ ಹಿಡಿದ ತಕ್ಷಣ ಕಪ್ಪು ಕಾಳು ಮುಳ್ಳುಮುಳ್ಳಾಗಿ ಎದ್ದು ಅಂಟಿಕೊಂಡಿತು. ಅಲ್ಲೇ ನಿಂತು ಮೊಬೈಲಲ್ಲಿ ಓದಿದೆ: ರೇರ್ ಅರ್ಥ್ ನಿಕ್ಷೇಪದಲ್ಲಿ ನಮ್ಮ ದೇಶ ಪ್ರಪಂಚಕ್ಕೇ ಮೂರನೆಯದಂತೆ, 69 ಲಕ್ಷ ಟನ್. ಚೀನಾ, ಬ್ರೆಜಿಲ್ ಬಿಟ್ಟರೆ ನಾವೇ. ಅದರಲ್ಲಿ ಹೆಚ್ಚಿನದು ಇಂಥ ಕಡಲ ಮರಳಿನಲ್ಲೇ ಇದೆಯಂತೆ. ಹಾಗಿದ್ದ ಮೇಲೆ ಇದನ್ನು ತೋಡಿ ನಾವೇ ಮ್ಯಾಗ್ನೆಟ್ ಮಾಡಿಕೊಳ್ಳುವುದಕ್ಕೆ ಏನಡ್ಡಿ? ದುಡ್ಡಾ, ಸರ್ಕಾರದ ರೂಲ್ಸಾ, ಅಥವಾ ನನಗೆ ಗೊತ್ತಿಲ್ಲದ್ದು ಬೇರೇನಾದರೂ ಇದೆಯಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಹಳೇ ಕೆಮಿಸ್ಟ್:

ಒಳ್ಳೆಯ ಪ್ರಶ್ನೆ. ಖನಿಜ ಬೇರ್ಪಡಿಸುವ ಲ್ಯಾಬ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ನಿವೃತ್ತನಾಗಿ ಬಸವೇಶ್ವರನಗರದಲ್ಲಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ತಿದ್ದುಪಡಿ. ಮಗಳ ಮ್ಯಾಗ್ನೆಟ್ಟಿಗೆ ಅಂಟಿದ ಕರಿ ಕಾಳು ಹೆಚ್ಚಾಗಿ ಇಲ್ಮೆನೈಟ್. ಅದು ಕಬ್ಬಿಣ, ಟೈಟಾನಿಯಂ ಸೇರಿದ ಖನಿಜ, ಬಿಳಿ ಪೇಂಟ್ ಮಾಡುವುದಕ್ಕೆ ಹೋಗುತ್ತದೆ. ನಿಮ್ಮ ರೋಟರಿಗೆ ಬೇಕಾದ ನಿಯೋಡಿಮಿಯಂ ಅನ್ನುವ ರೇರ್ ಅರ್ಥ್ ಇರುವುದು ಮೊನಜೈಟ್ ಅನ್ನುವ ಬೇರೆ ಖನಿಜದಲ್ಲಿ. ಅದರ ಕಾಳು ಜೇನಿನ ಬಣ್ಣದ್ದು, ಸಣ್ಣದು, ಕೈಯಲ್ಲಿ ಹಿಡಿಯುವ ಮ್ಯಾಗ್ನೆಟ್ಟಿಗೆ ಹೇಳಿಕೊಳ್ಳುವಷ್ಟು ಅಂಟುವುದಿಲ್ಲ. ಕರಿ ಮರಳೆಲ್ಲ ಮೊನಜೈಟ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ತೋಡಿದ ಮರಳಿನಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲು, ಎಷ್ಟೋ ಕಡೆ ಅಷ್ಟೂ ಇರುವುದಿಲ್ಲ. ಉಳ್ಳಾಲದ ಮರಳಿನಲ್ಲೂ ಮೊನಜೈಟ್ ಇದೆ, ಅದರಿಂದ ಅಲ್ಲಿ ಸಹಜ ವಿಕಿರಣ ಸ್ವಲ್ಪ ಜಾಸ್ತಿ ಅಂತ ಮಂಗಳೂರು ವಿಶ್ವವಿದ್ಯಾಲಯದವರು 1993ರಲ್ಲೇ ಬರೆದಿದ್ದಾರೆ. ಆದರೆ ದೊಡ್ಡ ನಿಕ್ಷೇಪ ಇರುವುದು ಆಂಧ್ರ, ಒಡಿಶಾ, ತಮಿಳುನಾಡು, ಕೇರಳದ ಕರಾವಳಿಯಲ್ಲಿ.

ತೋಡುವುದು ಹೊಸತೇನಲ್ಲ. 1909ರಲ್ಲಿ ಒಬ್ಬ ಜರ್ಮನ್ ಕೆಮಿಸ್ಟ್ ತಿರುವಾಂಕೂರಿನ ಮರಳಿನಲ್ಲಿ ಮೊನಜೈಟ್ ಗುರುತಿಸಿದ. ಆಗ ಬೇಕಾಗಿದ್ದದ್ದು ಅದರಲ್ಲಿರುವ ಥೋರಿಯಂ ಅನ್ನುವ ಲೋಹ, ಗ್ಯಾಸ್ ಲೈಟಿನ ಮ್ಯಾಂಟಲ್‌ಗೆ. ಸ್ವಾತಂತ್ರ್ಯ ಬಂದು ಮೂರೇ ವರ್ಷಕ್ಕೆ, 1950ರಲ್ಲಿ, ಈಗ ಐಆರ್‌ಇಎಲ್ ಅನ್ನುವ ಸರ್ಕಾರಿ ಕಂಪನಿ ಹುಟ್ಟಿತು. ಕೇರಳದ ಚವರ, ಕನ್ಯಾಕುಮಾರಿ ಹತ್ತಿರದ ಮಣವಾಳಕುರಿಚಿ, ಒಡಿಶಾದ ಛತ್ರಪುರ, ಈ ಮೂರು ಕಡೆ ಇವತ್ತಿಗೂ ಮರಳು ತೋಡುತ್ತಾರೆ. ಸುರುಳಿ ಜಾರುಬಂಡಿಯಂಥ ತೊಟ್ಟಿಯಲ್ಲಿ ನೀರಿನ ಜತೆ ಮರಳು ಬಿಟ್ಟರೆ ಭಾರದ ಕಾಳು ಒಳಮಗ್ಗುಲಿಗೆ ಬರುತ್ತದೆ, ಹಗುರದ್ದು ಆಚೆ ಸರಿಯುತ್ತದೆ. ನಮ್ಮ ಅಜ್ಜಿಯರು ಅಕ್ಕಿ ಗಾಳಿಸಿ ಕಲ್ಲು ತೆಗೆಯುತ್ತಿದ್ದರಲ್ಲ, ಅದೇ ಲೆಕ್ಕ. ಆಮೇಲೆ ಹೈ ಟೆನ್ಷನ್ ಕರೆಂಟು, ದೊಡ್ಡ ಮ್ಯಾಗ್ನೆಟ್ ಬಳಸಿ ಇಲ್ಮೆನೈಟ್, ರೂಟೈಲ್, ಜಿರ್ಕಾನ್, ಮೊನಜೈಟ್ ಬೇರೆ ಮಾಡುತ್ತಾರೆ. ಇಷ್ಟು ನಮಗೆ ಚೆನ್ನಾಗಿ ಬರುತ್ತದೆ.

ಕಷ್ಟ ಶುರುವಾಗುವುದು ಇದರ ಮುಂದೆ. ನೂರು ಕಿಲೋ ಮೊನಜೈಟ್‌ನಲ್ಲಿ 55ರಿಂದ 60 ಕಿಲೋ ರೇರ್ ಅರ್ಥ್ ಆಕ್ಸೈಡ್ ಇರುತ್ತದೆ, ಜತೆಗೆ 8ರಿಂದ 10 ಕಿಲೋ ಥೋರಿಯಂ ಆಕ್ಸೈಡ್. ಥೋರಿಯಂ ವಿಕಿರಣಶೀಲ. ಅದನ್ನು ಬೇರೆ ತೆಗೆದು ವರ್ಷಾನುಗಟ್ಟಲೆ ಕಾಪಾಡಬೇಕು. ಮುಂದೆ ಅಣು ವಿದ್ಯುತ್ತಿಗೆ ಬರುತ್ತದೆ ಅನ್ನುವುದು ಭಾಭಾ ಅವರ ಕಾಲದ ಯೋಜನೆ, ಆದ್ದರಿಂದಲೇ ಈ ವಿಷಯವೆಲ್ಲ ಅಣುಶಕ್ತಿ ಇಲಾಖೆಯ ಕೈಯಲ್ಲಿದೆ. 2019ರಲ್ಲಿ ನಿಯಮ ಬಿಗಿಯಾದ ಮೇಲೆ ಖಾಸಗಿಯವರು ಕಡಲ ಮರಳಿನ ಈ ಖನಿಜ ಮುಟ್ಟುವ ಹಾಗಿಲ್ಲ. ಅದಕ್ಕೆ ಮುಂಚೆ ತಮಿಳುನಾಡಿನಲ್ಲಿ ಲೈಸೆನ್ಸ್ ಒಂದು ಕಡೆ, ತೋಡಿದ್ದು ಇನ್ನೊಂದು ಕಡೆ ಅನ್ನುವ ದೂರು ಎಷ್ಟು ಬಂತೆಂದರೆ 2013ರಲ್ಲೇ ಅಲ್ಲಿನ ಸರ್ಕಾರ ಕಡಲ ಮರಳಿನ ಗಣಿ ನಿಲ್ಲಿಸಿಬಿಟ್ಟಿತ್ತು. ನಿಯಮ ಸುಮ್ನೆ ಬಂದದ್ದಲ್ಲ.

ಉಳಿದ ಅರವತ್ತು ಕಿಲೋದಲ್ಲಿ ಮೂರರಲ್ಲಿ ಎರಡು ಪಾಲು ಸೀರಿಯಂ ಮತ್ತು ಲ್ಯಾಂಥನಂ. ಅವಕ್ಕೆ ಬೆಲೆ ಇಲ್ಲ. ನಿಮಗೆ ಬೇಕಾದ ನಿಯೋಡಿಮಿಯಂ ಆಕ್ಸೈಡ್ ಸಿಗುವುದು ಹತ್ತು ಕಿಲೋ ಆಸುಪಾಸು. ಈ ಧಾತುಗಳು ಒಂದೇ ಬಳ್ಳಿಯ ಕಾಯಿಗಳಿದ್ದ ಹಾಗೆ, ಗುಣದಲ್ಲಿ ವ್ಯತ್ಯಾಸ ಬಹಳ ಕಡಿಮೆ. ಒಂದನ್ನು ಇನ್ನೊಂದರಿಂದ ಬಿಡಿಸಲು ಆಸಿಡ್ ನೀರು, ಎಣ್ಣೆಯಂಥ ದ್ರಾವಣ ಎರಡನ್ನೂ ತೊಟ್ಟಿಯಿಂದ ತೊಟ್ಟಿಗೆ ಕಲಕುತ್ತಾ, ತಿಳಿಯಾಗಲು ಬಿಡುತ್ತಾ ಹೋಗಬೇಕು. ನೂರಾರು ತೊಟ್ಟಿ. ಒಂದು ಸಲ ಸಮತೋಲ ತಪ್ಪಿದರೆ ಮತ್ತೆ ಸರಿಗೆ ಬರಲು ವಾರಗಳು ಬೇಕು. ಆಮೇಲೆ ಆಕ್ಸೈಡನ್ನು ಲೋಹ ಮಾಡಬೇಕು, ಕಬ್ಬಿಣ ಬೋರಾನ್ ಸೇರಿಸಿ ಕರಗಿಸಬೇಕು, ಕೆಲವೇ ಮೈಕ್ರಾನಿನ ಪುಡಿ ಮಾಡಬೇಕು. ಆ ಪುಡಿ ಗಾಳಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಕೊನೆಗೆ ಒತ್ತಿ, ಸಾವಿರ ಡಿಗ್ರಿ ದಾಟಿಸಿ ಬೇಯಿಸಿ, ನಿಕ್ಕಲ್ ಲೇಪ ಹಾಕಿದರೆ ನೀವು ಅಂಟು ಹಚ್ಚುವ ಪಟ್ಟಿ.

ನಡುವಿನ ಈ ಕೆಲಸದಲ್ಲೇ ನಾವು ಹಿಂದೆ ಬಿದ್ದದ್ದು. 2024ರಲ್ಲಿ ಚೀನಾ ಸುಮಾರು 2,70,000 ಟನ್ ರೇರ್ ಅರ್ಥ್ ತೆಗೆದರೆ ನಾವು 2,900 ಟನ್. ಅದಕ್ಕಿಂತ ದೊಡ್ಡ ಅಂತರ ಮ್ಯಾಗ್ನೆಟ್ಟಿನಲ್ಲಿ, ಪ್ರಪಂಚದ ನೂರಕ್ಕೆ ತೊಂಬತ್ತು ಅವರದೇ. ನಮ್ಮಲ್ಲಿ 2023ರಲ್ಲಿ ವಿಶಾಖಪಟ್ಟಣದ ಘಟಕ ಶುರುವಾಯಿತು. ಅದು ಸಮೇರಿಯಂ ಕೋಬಾಲ್ಟ್ ಮ್ಯಾಗ್ನೆಟ್, ವರ್ಷಕ್ಕೆ 3,000 ಕಿಲೋ ಸಾಮರ್ಥ್ಯದ್ದು, ರಕ್ಷಣೆ, ಬಾಹ್ಯಾಕಾಶದಂಥ ಕೆಲಸಕ್ಕೆ. ಚೀನಾ ತಡೆದ ಏಳರಲ್ಲಿ ಸಮೇರಿಯಂ ಕೂಡ ಒಂದು, ಆ ಲೆಕ್ಕದಲ್ಲಿ ಅದು ದೊಡ್ಡ ವಿಷಯವೇ. ಸ್ಕೂಟರಿಗೆ ಅಲ್ಲ ಅಷ್ಟೇ.

ಮೊಗವೀರಪಟ್ಣ:

ನಾನು ಉಳ್ಳಾಲದವಳು, ಈಗ ಯಲಹಂಕದಲ್ಲಿ ಇದ್ದೇನೆ. ಪೀಣ್ಯದ ಅಣ್ಣ, ನಿಮ್ಮ ಕಾರ್ಖಾನೆಯ ಹುಡುಗರ ವಿಷಯ ಓದಿ ನನಗೂ ಸಂಕಟವಾಯಿತು. ಆದರೆ "ತೋಡುವುದಕ್ಕೆ ಏನಡ್ಡಿ" ಅಂತ ಕೇಳಿದಿರಲ್ಲ, ಆ ಮಾತಿಗೆ ಎದೆ ಝಲ್ ಎಂದಿತು.

ನಿಮ್ಮ ಹೆಂಡತಿಯನ್ನೇ ಕೇಳಿ, ಕಡಲ್ಕೊರೆತ ಅಂದರೆ ಏನೆಂದು ಹೇಳುತ್ತಾರೆ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಮುಂದೆ ಎರಡು ಸಾಲು ತೆಂಗಿನ ಮರ ಇತ್ತು, ಅದರಾಚೆ ಮೀನು ಒಣಹಾಕುವ ಅಂಗಳ, ಅದರಾಚೆ ದಂಡೆ. ಈಗ ಅಂಗಳವೂ ಇಲ್ಲ, ಒಂದು ಸಾಲು ಮರವೂ ಇಲ್ಲ. ಲಾರಿಗಟ್ಟಲೆ ಕಲ್ಲು ತಂದು ಸುರಿದಿದ್ದಾರೆ, ಪ್ರತಿ ಆಟಿ ತಿಂಗಳಲ್ಲೂ (ಜೋರು ಮಳೆಯ ಜುಲೈ-ಆಗಸ್ಟ್) ಕಡಲು ಅದನ್ನು ಎಳೆದುಕೊಂಡು ಹೋಗುತ್ತದೆ. ಕೈರಂಪಣಿ ಬಲೆ ಎಳೆಯುವುದಕ್ಕೆ ಮರಳಿನ ದಂಡೆಯೇ ಬೇಕು. ಕಲ್ಲಿನ ಮೇಲೆ ನಿಂತು ಹಗ್ಗ ಎಳೆಯಲು ಆಗುವುದಿಲ್ಲ. ದಂಡೆ ಹೋದ ಜಾಗದಲ್ಲಿ ಆ ಮೀನುಗಾರಿಕೆಯೂ ಹೋಯಿತು. ಇದು ಯಾರೂ ಗಣಿ ಮಾಡದ ಊರಿನ ಕಥೆ.

ಕೊಲ್ಲಂ ಜಿಲ್ಲೆಯ ಆಲಪ್ಪಾಡ್ ನೋಡಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಕಾಲುವೆ, ನಡುವೆ ಪಟ್ಟಿಯಂಥ ಊರು. 2004ರ ಸುನಾಮಿಯಲ್ಲಿ ದೊಡ್ಡ ಪೆಟ್ಟು ತಿಂದದ್ದು. ಅಲೆ ತಂದು ಹಾಕುವ ಮರಳನ್ನೇ ಗೋರುವುದು ಅಲ್ಲಿನ ಒಂದು ವಿಧಾನ. ಮಳೆಗಾಲದಲ್ಲಿ ಕಡಲು ಮತ್ತೆ ತುಂಬಿಸುತ್ತದೆ ಅಂತ ಗಣಿಯವರ ವಾದ. ತುಂಬಿಸುತ್ತಿಲ್ಲ, ಊರೇ ಕರಗುತ್ತಿದೆ ಅಂತ 2018-19ರಲ್ಲಿ ಅಲ್ಲಿನ ಜನ ತಿಂಗಳುಗಟ್ಟಲೆ ಸರದಿ ಉಪವಾಸ ಕೂತರು. ಆಮೇಲೆ ಕನ್ಯಾಕುಮಾರಿ ಜಿಲ್ಲೆಯ ಕಿಳ್ಳಿಯೂರಿನಲ್ಲಿ 1,144 ಹೆಕ್ಟೇರಿನ ಹೊಸ ಗಣಿ ಪ್ರಸ್ತಾಪದ ವಿರುದ್ಧ ಮೀನುಗಾರರು ಬೀದಿಗೆ ಇಳಿದರು.

ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಅಣು ಖನಿಜ, ನಿರ್ಣಾಯಕ (ಕ್ರಿಟಿಕಲ್) ಖನಿಜಗಳ ಗಣಿಗೆ ಸಾರ್ವಜನಿಕ ಅಹವಾಲು ಬೇಡ ಅಂತ ಪರಿಸರ ಸಚಿವಾಲಯ ಆದೇಶ ಮಾಡಿತು. ದೇಶಕ್ಕೆ ಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಕೇಳಿ ತೆಗೆದುಕೊಳ್ಳುವುದಕ್ಕೂ ಕೇಳದೆ ತೆಗೆದುಕೊಳ್ಳುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಹಳೇ ಕೆಮಿಸ್ಟ್:

ಮೇಡಂ, ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ವಿಕಿರಣದ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಈ ವಿಷಯ ಬಂದಾಗಲೆಲ್ಲ ಕ್ಯಾನ್ಸರ್ ಭಯ ಹಬ್ಬುತ್ತದೆ. ಚವರದ ಪಕ್ಕದ ಕರುನಾಗಪ್ಪಳ್ಳಿಯಲ್ಲಿ ತಿರುವನಂತಪುರದ ಕ್ಯಾನ್ಸರ್ ಕೇಂದ್ರದವರು ಸುಮಾರು 70,000 ಜನರನ್ನು ಹತ್ತು ವರ್ಷಕ್ಕೂ ಜಾಸ್ತಿ ಗಮನಿಸಿದರು. ಸಹಜ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಾದದ್ದು ಕಾಣಲಿಲ್ಲ ಅಂತ 2009ರಲ್ಲಿ ಪ್ರಕಟಿಸಿದರು. ಆದ್ದರಿಂದ ದಂಡೆಯಲ್ಲಿ ಓಡಾಡಲು, ಮಗು ಆಡಲು ಹೆದರಬೇಕಿಲ್ಲ. ಹೆದರಬೇಕಾದದ್ದು ಕಾರ್ಖಾನೆಯಲ್ಲಿ ಥೋರಿಯಂ ಒಂದೇ ಕಡೆ ಗುಡ್ಡೆಯಾದಾಗ. ಮಲೇಷ್ಯಾದ ಬುಕಿತ್ ಮೇರಾದಲ್ಲಿ ಅದನ್ನು ಸರಿಯಾಗಿ ಇಡದೆ, ಜನ ಕೋರ್ಟಿಗೆ ಹೋಗಿ, 1990ರ ದಶಕದಲ್ಲಿ ಘಟಕವೇ ಮುಚ್ಚಿತು.

ವೈಂಡಿಂಗ್ ಮಂಜು:

ಪೀಣ್ಯದವರಿಗೆ ನಾನೂ ನೆರೆಯವನೇ, ಸುಂಕದಕಟ್ಟೆ. ಮೋಟಾರ್ ಡಿಸೈನ್ ನನ್ನ ಕೆಲಸ. ಒಂದು ವಿಷಯ ಯಾರೂ ಹೇಳಲಿಲ್ಲ. ನಮ್ಮ ಮೊನಜೈಟ್ ಎಷ್ಟು ತೋಡಿದರೂ ಡಿಸ್ಪ್ರೋಸಿಯಂ, ಟರ್ಬಿಯಂ ಅನ್ನುವ ರೇರ್ ಅರ್ಥ್‌ಗಳು ಹೇಳಿಕೊಳ್ಳುವಷ್ಟು ಸಿಗುವುದಿಲ್ಲ. ಚೀನಾ ಏಪ್ರಿಲ್‌ನಲ್ಲಿ ಹಿಡಿದದ್ದು ಅವನ್ನೇ, ನಿಯೋಡಿಮಿಯಂ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೊರಟು, ಮೇಲ್ಸೇತುವೆ ಏರುವಾಗ ಮೋಟಾರು ಕಾಯುತ್ತದಲ್ಲ, ಆ ಬಿಸಿಯಲ್ಲಿ ಮ್ಯಾಗ್ನೆಟ್ ಬಲ ಕಳೆದುಕೊಳ್ಳದಂತೆ ಕಾಪಾಡುವುದು ಆ ಚಿಟಿಕೆ ಡಿಸ್ಪ್ರೋಸಿಯಂ. ಅದಕ್ಕೇ ನಿಮ್ಮ ಸ್ಟೋರ್ ಖಾಲಿಯಾದದ್ದು. ಇಡೀ ಕರಾವಳಿ ತೋಡಿದ್ದರೂ ಆ ಜೂನ್ ತಿಂಗಳು ಹಾಗೇ ಇರುತ್ತಿತ್ತು.

ಹಾಗಾಗಿ ನಾವು ಡಿಸೈನ್ ಕಡೆಯಿಂದ ನೋಡುತ್ತಿದ್ದೇವೆ. ಮೋಟಾರನ್ನು ತಣ್ಣಗಿಟ್ಟರೆ ಡಿಸ್ಪ್ರೋಸಿಯಂ ಇಲ್ಲದ ಮ್ಯಾಗ್ನೆಟ್ ಸಾಕು. ರೇರ್ ಅರ್ಥ್ ಇಲ್ಲದ ಫೆರೈಟ್ ಮ್ಯಾಗ್ನೆಟ್ ಹಾಕಬಹುದು, ಮೋಟಾರ್ ದಪ್ಪ ಆಗುತ್ತದೆ, ಭಾರ ಆಗುತ್ತದೆ. ಮ್ಯಾಗ್ನೆಟ್ಟೇ ಇಲ್ಲದ ಇಂಡಕ್ಷನ್ ಮೋಟಾರೂ ಇದೆ, ನಮ್ಮ ಬೆಂಗಳೂರಿನ ರೇವಾ ಕಾರಿನ ನಂತರದ ಮಾದರಿಯಲ್ಲಿ ಅದೇ ಇತ್ತು. ಇನ್ನೊಂದು, ಎಸ್‌ಪಿ ರೋಡಿನ ಹಿಂದಿನ ಗಲ್ಲಿಗಳಲ್ಲಿ ಹಳೇ ಹಾರ್ಡ್ ಡಿಸ್ಕ್ ಗೋಣಿಚೀಲದಲ್ಲಿ ತೂಕಕ್ಕೆ ಮಾರುತ್ತಾರೆ. ಪ್ರತಿಯೊಂದರ ಒಳಗೂ ಬಾಳೆಹಣ್ಣಿನ ಆಕಾರದ ನಿಯೋಡಿಮಿಯಂ ಮ್ಯಾಗ್ನೆಟ್ ಇದೆ. ಅಲ್ಯೂಮಿನಿಯಂ ತೆಗೆದುಕೊಂಡು ಅದನ್ನು ಕಬ್ಬಿಣದ ಗುಜರಿಗೆ ಎಸೆಯುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಪೀಣ್ಯ ರೋಟರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊಗವೀರಪಟ್ಣದ ಅಕ್ಕ, ನಿಮ್ಮ ಮಾತನ್ನು ಹೆಂಡತಿಗೆ ಓದಿ ಹೇಳಿದೆ. ಅವಳ ಅಜ್ಜಿಯ ಮನೆಯ ಬಾವಿ ಈಗ ಕಡಲಿನೊಳಗೆ ಇದೆಯಂತೆ. ಮದುವೆಯಾಗಿ ಹನ್ನೊಂದು ವರ್ಷ ಆಯಿತು, ಇವತ್ತೇ ಕೇಳಿದ್ದು.

ಕೆಮಿಸ್ಟ್ ಸರ್, ಒಂದೇ ಪ್ರಶ್ನೆ ಉಳಿಯಿತು. 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಮ್ಯಾಗ್ನೆಟ್ ತಯಾರಿಕೆಗೆ 7,280 ಕೋಟಿ ರೂಪಾಯಿ ಯೋಜನೆ ಒಪ್ಪಿತಲ್ಲ, ವರ್ಷಕ್ಕೆ 6,000 ಟನ್ ಗುರಿ. ಅದಕ್ಕೆ ಹೊಸ ದಂಡೆ ತೋಡಲೇಬೇಕಾ?

ಹಳೇ ಕೆಮಿಸ್ಟ್:

ಆ ಗುರಿ ಪೂರ್ತಿ ಮುಟ್ಟಬೇಕಾದರೆ ಈಗ ಬರುವ ನಿಯೋಡಿಮಿಯಂ ಸಾಲದು, ಅದು ನಿಜ. ಆದರೆ ನನ್ನ ಅಭಿಪ್ರಾಯ ಕೇಳಿದರೆ ಕ್ರಮ ಹೀಗಿರಬೇಕು. ಮೊದಲು ಬೇರ್ಪಡಿಸುವ ತೊಟ್ಟಿ, ಲೋಹದ ಕುಲುಮೆ, ಪುಡಿ ಮಾಡುವ ಘಟಕ, ಅವನ್ನು ನಡೆಸುವ ಜನ. ಈಗ ತೋಡುತ್ತಿರುವ ಮೂರು ಕಡೆಯ ಮರಳು ಅದಕ್ಕೆ ಶುರುವಾತಿಗೆ ಸಾಕು. 2010ರಲ್ಲಿ ಜಪಾನಿಗೂ ಚೀನಾ ಹೀಗೇ ಕೈಕೊಟ್ಟಿತು. ಮರು ವರ್ಷವೇ ಅವರು ಆಸ್ಟ್ರೇಲಿಯಾದ ಕಂಪನಿಯೊಂದಕ್ಕೆ ದುಡ್ಡು ಹಾಕಿದರು. ಆ ಕಂಪನಿ ಮಲೇಷ್ಯಾದ ಘಟಕದಲ್ಲಿ ಡಿಸ್ಪ್ರೋಸಿಯಂ ಬೇರ್ಪಡಿಸಿದ್ದು 2025ರಲ್ಲಿ. ಅಷ್ಟು ವರ್ಷ ಹಿಡಿಯುವ ಕೆಲಸ ಇದು. ಆ ತೊಟ್ಟಿಗಳು ಸರಿಯಾಗಿ ಓಡುವ ಮೊದಲೇ ಇನ್ನೊಂದು ದಂಡೆ ಅಗೆದರೆ ಮರಳು ಗೋದಾಮಿನಲ್ಲಿ ಕೂರುತ್ತದೆ, ಊರಿನ ದಂಡೆ ಮಾತ್ರ ಹೋಗಿರುತ್ತದೆ.

ಮೊಗವೀರಪಟ್ಣ:

ಇದನ್ನೇ ಅಹವಾಲಿನಲ್ಲಿ ಯಾರಾದರೂ ನಮ್ಮ ಜನರ ಮುಂದೆ ಕೂತು ಹೀಗೆ ಬಿಡಿಸಿ ಹೇಳಿದರೆ, ಕೇಳುವುದಕ್ಕೆ ನಮ್ಮಪ್ಪನಂಥವರು ತಯಾರಿದ್ದಾರೆ ಸರ್. ಪೀಣ್ಯದ ಅಣ್ಣ, ಮುಂದಿನ ಸಲ ಉಳ್ಳಾಲಕ್ಕೆ ಹೋದಾಗ ನಮ್ಮ ಮನೆಗೂ ಬನ್ನಿ. ಮಗಳನ್ನೂ ಕರೆದುಕೊಂಡು ಬನ್ನಿ, ಮ್ಯಾಗ್ನೆಟ್ ಸಮೇತ. ಎಲ್ಲಿ ಕಪ್ಪು ಮರಳು ಬೀಳುತ್ತದೆ, ಯಾವ ಅಲೆಗೆ ಬೀಳುತ್ತದೆ ಅಂತ ಅಪ್ಪ ತೋರಿಸುತ್ತಾರೆ.