ಮಿನಿಮಮ್ ಬ್ಯಾಲೆನ್ಸ್ ದಂಡ: ಬೈದರೆ ಹಣ ವಾಪಸ್ ಬರುತ್ತದೆಯೇ?

ಪ್ರಶ್ನೆ: ಸರ್, ಮಿನಿಮಮ್ ಬ್ಯಾಲೆನ್ಸ್ ಇಲ್ಲವೆಂದು ನನ್ನ ಉಳಿತಾಯ ಖಾತೆಯಿಂದ ಮತ್ತೆ ಮತ್ತೆ ಹಣ ಕತ್ತರಿಸಿದ್ದಾರೆ. ಈಗ ಖಾತೆ ಮೈನಸ್ ತೋರಿಸುತ್ತಿದೆ. ಶಾಖೆಯಲ್ಲಿ ಕೇಳಿದರೆ ‘ಸಿಸ್ಟಮ್ ತಾನಾಗಿಯೇ ಕಟ್ ಮಾಡುತ್ತದೆ, ನಮ್ಮ ಕೈಯಲ್ಲಿ ಏನೂ ಇಲ್ಲ’ ಎನ್ನುತ್ತಾರೆ. ಜಾಲತಾಣಗಳಲ್ಲಿ ಜನ ಬ್ಯಾಂಕುಗಳಿಗೆ ಛೀಮಾರಿ ಹಾಕುತ್ತಿದ್ದಾರೆ. ನಾನೂ ಬರೆಯಲೇ? ಅದರಿಂದ ಏನಾದರೂ ಆಗುತ್ತದೆಯೇ?

ಉತ್ತರ (ನಿವೃತ್ತ ಬ್ಯಾಂಕ್ ಅಧಿಕಾರಿ): ಖಾತೆ ಮೈನಸ್ ಆಗಿದೆ ಎಂದಿರಲ್ಲ, ನಿಮ್ಮ ದೂರಿನಲ್ಲಿ ಗಟ್ಟಿ ಕಾಳು ಅದೊಂದೇ. ರಿಸರ್ವ್ ಬ್ಯಾಂಕ್ 2014ರ ನವೆಂಬರ್‌ನಲ್ಲಿ ಹೊರಡಿಸಿದ ಸೂಚನೆ 2015ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ, ಕೇವಲ ಈ ದಂಡದ ಕಾರಣಕ್ಕೆ ಉಳಿತಾಯ ಖಾತೆ ಮೈನಸ್‌ಗೆ ಹೋಗುವಂತಿಲ್ಲ. ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ತುಂಬಲು ಕನಿಷ್ಠ ಒಂದು ತಿಂಗಳು ಕೊಡಬೇಕು. ದಂಡವೂ ಕೊರತೆಯ ಪ್ರಮಾಣಕ್ಕೆ ತಕ್ಕಂತಿರಬೇಕು. ನೂರು ರೂಪಾಯಿ ಕಡಿಮೆಯಾದವರಿಗೂ ಐದು ಸಾವಿರ ಕಡಿಮೆಯಾದವರಿಗೂ ಒಂದೇ ದಂಡ ಹಾಕುವಂತಿಲ್ಲ.

ಇನ್ನು ‘ಸಿಸ್ಟಮ್’ ವಿಷಯ. ಕೌಂಟರಿನ ಈಚೆ ನಿಂತವರನ್ನು ಸಾಗಹಾಕಲು ಇಷ್ಟು ಸುಲಭದ ಮಾತು ಬೇರೆ ಇಲ್ಲ. ದರವನ್ನು ಅದಕ್ಕೆ ಉಣಿಸಿದವರು ಮನುಷ್ಯರೇ, ತಪ್ಪಾಗಿ ಕತ್ತರಿಸಿದ್ದನ್ನು ಮತ್ತೆ ಜಮಾ ಮಾಡುವವರೂ ಮನುಷ್ಯರೇ.

ಪ್ರಶ್ನೆ: ಹಾಗಾದರೆ ಜನರ ಸಿಟ್ಟಿಗೆ ಬೆಲೆಯೇ ಇಲ್ಲವೇ ಸರ್?

ಉತ್ತರ: ಇದೆ, ಆದರೆ ಅದು ಮುಟ್ಟುವುದು ಮುಂದಿನ ದರಪಟ್ಟಿಯನ್ನು, ಈಗಾಗಲೇ ಕತ್ತರಿಸಿದ ನಿಮ್ಮ ಹಣವನ್ನಲ್ಲ. ಸ್ಟೇಟ್ ಬ್ಯಾಂಕ್ 2017ರ ಏಪ್ರಿಲ್‌ನಲ್ಲಿ ಈ ದಂಡವನ್ನು ಮರಳಿ ತಂದಿತು. ಅದೇ ನವೆಂಬರ್‌ವರೆಗೆ 1,771 ಕೋಟಿ ರೂಪಾಯಿ ವಸೂಲಾಗಿದೆ ಎಂಬ ಲೆಕ್ಕ ಹೊರಬಿದ್ದಾಗ ದೇಶವೇ ಹುಬ್ಬೇರಿಸಿತು. ಅಷ್ಟರಲ್ಲಾಗಲೇ ಒಮ್ಮೆ ಇಳಿಸಿದ್ದ ದರವನ್ನು 2018ರಲ್ಲಿ ಮತ್ತೆ ಇಳಿಸಿದರು, 2020ರ ಮಾರ್ಚ್‌ನಲ್ಲಿ ದಂಡವನ್ನೇ ಕೈಬಿಟ್ಟರು. 2025ರ ಆಗಸ್ಟ್‌ನಲ್ಲಿ ಐಸಿಐಸಿಐ ಬ್ಯಾಂಕ್ ಮಹಾನಗರಗಳ ಹೊಸ ಖಾತೆಗಳಿಗೆ ಸರಾಸರಿ 50,000 ರೂಪಾಯಿ ಇರಬೇಕೆಂದಿತು. ಟೀಕೆ ಜೋರಾದ ಮೇಲೆ ಕೆಲವೇ ದಿನಗಳಲ್ಲಿ 15,000ಕ್ಕೆ ಇಳಿಸಿತು. ಅಮೆರಿಕದಲ್ಲೂ ಇದೇ ಕತೆ: ಡೆಬಿಟ್ ಕಾರ್ಡಿಗೆ ತಿಂಗಳಿಗೆ 5 ಡಾಲರ್ ಎಂದ ಬ್ಯಾಂಕ್ ಆಫ್ ಅಮೆರಿಕ, 2011ರಲ್ಲಿ ಜನ ತಿರುಗಿಬಿದ್ದಾಗ ಜಾರಿಗೆ ಮುನ್ನವೇ ಹಿಂದೆ ಸರಿಯಿತು.

ಈ ಮೂರರಲ್ಲೂ ಶುಲ್ಕ ಒಂದೇ ಸಾಲಿನಲ್ಲಿ ಹೇಳುವಂಥದ್ದು, ಎಲ್ಲರಿಗೂ ಅರ್ಥವಾಗುವಂಥದ್ದು ಎಂಬುದನ್ನು ಗಮನಿಸಿ. ಸ್ಟೇಟ್‌ಮೆಂಟಿನಲ್ಲಿ ಮೂರಕ್ಷರದ ಸಂಕೇತದ ಹಿಂದೆ ಕುಳಿತ ಸಣ್ಣಪುಟ್ಟ ಶುಲ್ಕಗಳ ವಿರುದ್ಧ ಯಾರೂ ಬೀದಿಗಿಳಿಯುವುದಿಲ್ಲ. ಎಸ್‌ಎಂಎಸ್ ಶುಲ್ಕವನ್ನು ಎಷ್ಟು ಜನ ನೋಡಿದ್ದೀರಿ? ಅದನ್ನು ನಿಜವಾದ ಬಳಕೆಯ ಮೇಲೆ ಹಾಕಬೇಕೆಂದು 2013ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ.

ಇನ್ನೊಬ್ಬರ ಪ್ರಶ್ನೆ: ನನ್ನ ಖಾತೆಯಲ್ಲಿ ತಿಂಗಳ ಕೊನೆಗೆ 10,000 ಇತ್ತು. ಆದರೂ ದಂಡ ಹಾಕಿದ್ದಾರೆ. ಇದು ಅನ್ಯಾಯವಲ್ಲವೇ?

ಉತ್ತರ: ಅಲ್ಲ, ಅದು ಲೆಕ್ಕ. ಬಹಳಷ್ಟು ಬ್ಯಾಂಕುಗಳು ನೋಡುವುದು ಮಾಸಿಕ ಸರಾಸರಿಯನ್ನು. ಪ್ರತಿದಿನದ ಕೊನೆಯಲ್ಲಿ ಉಳಿದ ಮೊತ್ತಗಳನ್ನೆಲ್ಲ ಕೂಡಿಸಿ, ದಿನಗಳ ಸಂಖ್ಯೆಯಿಂದ ಭಾಗಿಸುತ್ತಾರೆ. 10,000 ಸರಾಸರಿ ಬೇಕೆಂದರೆ 30 ದಿನಗಳ ಮೊತ್ತ 3 ಲಕ್ಷವಾಗಬೇಕು. ಒಂದೇ ಒಂದು ದಿನ 3 ಲಕ್ಷ ಇಟ್ಟು ಮರುದಿನ ತೆಗೆದವರೂ ಪಾಸು. 29 ದಿನ 2,000 ಇಟ್ಟು ಕೊನೆಯ ದಿನ 10,000 ತುಂಬಿದವರು ನಪಾಸು. ಹಣವಿದ್ದವರಿಗೇ ಅನುಕೂಲವಾದ ಲೆಕ್ಕ ಇದು ಎಂದು ನನಗೆ ಸರ್ವಿಸ್‌ನಲ್ಲಿದ್ದಾಗಲೂ ಅನಿಸುತ್ತಿತ್ತು. ಬೇಡವೆಂದರೆ ಮೂಲ ಉಳಿತಾಯ ಖಾತೆಗೆ ಬದಲಾಯಿಸಿಕೊಳ್ಳಿ, ಅಲ್ಲಿ ಮಿನಿಮಮ್ ಬ್ಯಾಲೆನ್ಸ್ ಎಂಬುದೇ ಇಲ್ಲ. ತಿಂಗಳಿಗೆ ನಾಲ್ಕು ಬಾರಿ ಹಣ ತೆಗೆಯುವುದು ಉಚಿತ.

ಮೊದಲ ಪ್ರಶ್ನೆ ಕೇಳಿದವರು: ಸರ್, ಹಾಗಾದರೆ ಬ್ಯಾಂಕಿಗೆ ದೂರಿನ ಪತ್ರ ಕೊಡುತ್ತೇನೆ. ಅದರಲ್ಲಿ ಏನು ಬರೆಯಲಿ?

ಉತ್ತರ: ‘ನಿಮ್ಮ ಶುಲ್ಕ ಜಾಸ್ತಿಯಾಯಿತು’ ಎಂದು ಬರೆಯಬೇಡಿ. ದರ ಎಷ್ಟಿರಬೇಕೆಂಬುದು ಬ್ಯಾಂಕಿನ ವ್ಯವಹಾರದ ತೀರ್ಮಾನ ಎಂದು ಓಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ) ಕೂಡ ದೂರನ್ನು ಪಕ್ಕಕ್ಕಿಡುತ್ತಾರೆ. ಯಾವ ದಿನಾಂಕ ಎಷ್ಟು ಕತ್ತರಿಸಿದರು, ಮುನ್ಸೂಚನೆ ಬಂದಿತ್ತೇ, ಯಾವ ದಿನ ಮೈನಸ್ ಆಯಿತು, ಇಷ್ಟನ್ನೇ ಬರೆದು ಸ್ಟೇಟ್‌ಮೆಂಟ್ ಲಗತ್ತಿಸಿ. ಪ್ರತಿಯ ಮೇಲೆ ಶಾಖೆಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಜಾಲತಾಣದಲ್ಲಿ ಬೈಯುವುದನ್ನು ಬೇಕಾದರೆ ಮೊಹರು ಬಿದ್ದ ಮೇಲೆ ಮುಂದುವರಿಸಿ.