ಪದ ಬೇಕು (ತುರ್ತು): ಲಾರಿ ಮೇಲಿನ ಸಾಮಾನು ಬಿಗಿಯುವ ರ‍್ಯಾಚೆಟ್ ಬೆಲ್ಟಿಗೆ ಕನ್ನಡ?

ಶಹಾಬಾದ್‌ನಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಗ್ಗೆ ಪೇಂಟರ್ ಬರುತ್ತಾರೆ, ಅಷ್ಟರಲ್ಲಿ ಒಂದು ಪದ ಬೇಕು.

ಇಲ್ಲಿನ ಒಂದು ಫರ್ಸಿ (ನೆಲಕ್ಕೆ ಹಾಸುವ ಕಲ್ಲು) ಯಾರ್ಡಿನ ಬೋರ್ಡನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪಾಲಿಶ್ ಆದ ಕಲ್ಲನ್ನು ಕಟ್ಟಿಗೆಯ ಚೌಕಟ್ಟಿನಲ್ಲಿಟ್ಟು, ಟ್ರೇಲರ್ ಮೇಲೇರಿಸಿ, 50 ಮಿ.ಮೀ. ಅಗಲದ ಪಾಲಿಯೆಸ್ಟರ್ ಪಟ್ಟಿಯಿಂದ ಬಿಗಿಯುತ್ತಾರೆ. ಪಟ್ಟಿಗೊಂದು ಹಿಡಿಕೆ. ಅದನ್ನು ಹಿಂದೆ ಮುಂದೆ ಆಡಿಸಿದರೆ ಕಟಕಟ ಅಂತ ಹಲ್ಲಿನ ಗಾಲಿ ತಿರುಗಿ ಪಟ್ಟಿ ಸುತ್ತಿಕೊಳ್ಳುತ್ತದೆ. ಗಾಲಿ ವಾಪಸ್ ತಿರುಗುವುದಿಲ್ಲ. ಇಂಗ್ಲಿಷ್ ಬೋರ್ಡಿನಲ್ಲಿ ರ‍್ಯಾಚೆಟ್ ಸ್ಟ್ರ್ಯಾಪ್ ಅಂತಿದೆ. ಡ್ರೈವರುಗಳು ಬರೀ ಬೆಲ್ಟ್ ಅಂತಾರೆ. ಮಾಲೀಕರು ಮಾತ್ರ ‘ಶುದ್ಧ ಕನ್ನಡ ಇರಲಿ’ ಅಂದಿದ್ದಾರೆ. ನನ್ನ ಕರಡು:

ಬಿಗಿಪಟ್ಟಿ ಕಟ್ ಆಗಿದ್ದರೆ ಬಳಸಬೇಡಿ. ಗಂಟು ಹಾಕಬೇಡಿ. ಬಿಗಿಪಟ್ಟಿ ಎತ್ತಬೇಡಿ. ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಮತ್ತೆ ಬಿಗಿಯಿರಿ.

‘ಬಿಗಿಪಟ್ಟಿ’ ನಡೆಯುತ್ತಾ?

ಮೈಸೂರಿನಿಂದ:

ನಡೆಯುವುದಿಲ್ಲ. ‘ಪಟ್ಟಿ’ ಸಂಸ್ಕೃತದ ‘ಪಟ್ಟ’ದ ಕಡೆಯದು. ನಮ್ಮದೇ ಪದ ಇದೆ: ಬಾರು. ತಮಿಳಿನಲ್ಲಿ ‘ವಾರ್’, ನಮ್ಮಲ್ಲಿ ‘ಬಾರ್’. ಅವರ ‘ವಾ’ ನಮಗೆ ‘ಬಾ’ ಆದ ಹಾಗೆ. ಚಪ್ಪಲಿಯ ಬಾರು, ಬಾರುಕೋಲು ಎಲ್ಲ ಇದರದ್ದೇ ಸಂತಾನ. ‘ಬಿಗಿಬಾರು’ ಅನ್ನಿ, ಮುಗಿಯಿತು. ರಾಷ್ಟ್ರಕೂಟರ ಮಳಖೇಡದ ಪಕ್ಕದಲ್ಲೇ ಇದ್ದುಕೊಂಡು ಬೆಲ್ಟ್ ಅನ್ನೋದಾ?

ಯಾದಗಿರಿಯಿಂದ:

ಬಾರು ಚರ್ಮದ್ದು. ಇದು ಪಾಲಿಯೆಸ್ಟರ್. ಆಗಲ್ಲ.

ಹುಮನಾಬಾದ್‌ನಿಂದ:

ಮಾಸ್ತರ್ರೇ, ‘ಹೊರಡುವ ಮುಂಚೆ ಬಾರು ನೋಡಿ’ ಅಂತ ಲಾರಿ ಯಾರ್ಡಿನಲ್ಲಿ ಬರೆಸಿ. ಎಷ್ಟು ಜನ ಯಾವ ಕಡೆ ಹೋಗ್ತಾರೆ ಅಂತ ನಾನು ನಿಂತು ಎಣಿಸ್ತೀನಿ.

ಇನ್ನು ಶುದ್ಧದ ಮಾತು. ಕಲ್ಲು ಫರ್ಸಿ, ಅರಬ್ಬಿಯ ‘ಫರ್ಶ್’ನಿಂದ ಬಂದದ್ದು. ಹೊರುವವನು ಹಮಾಲ, ಅದೂ ಅರಬ್ಬಿ. ಲಾರಿ ಇಂಗ್ಲಿಷಿನದು. ಲೋಡು ಇಳಿಸಿದ ಮೇಲೆ ಗಾಡಿ ಖಾಲಿ, ಮತ್ತೆ ಅರಬ್ಬಿ. 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದ ಊರುಗಳು ನಮ್ಮವು, ಕಚೇರಿ ಮಾತೆಲ್ಲ ಉರ್ದು. ಕನ್ನಡ ಸತ್ತುಹೋಯ್ತಾ? ಇಷ್ಟೆಲ್ಲ ನುಂಗಿ ಅರಗಿಸಿಕೊಂಡ ಭಾಷೆಗೆ ಒಂದು ಬೆಲ್ಟ್ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಾ?

ಮೈಸೂರಿನಿಂದ:

ಹಳೆಯ ಸಾಲ ಇದೆ ಅಂತ ಹೊಸ ಸಾಲ ಮಾಡಬೇಕಿಲ್ಲ. ಫರ್ಸಿಗೆ ‘ಹಾಸುಗಲ್ಲು’ ಇದೆ.

ಹುಮನಾಬಾದ್‌ನಿಂದ:

ಇದೆ. ಅಂಗಡಿಗೆ ಹೋಗಿ ಕೇಳಿ ತಗೊಂಡು ಬನ್ನಿ.

ಬೀದರ್‌ನಿಂದ:

ಎಲ್ಲರೂ ಒಂದು ಪದ ಹಿಡಿದು ಜಗ್ಗಾಡ್ತಿದ್ದೀರಿ. ಉಳಿದ ಸಾಲು ಯಾರೂ ಓದಿಲ್ಲ ಅಲ್ವಾ? ನಾನು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸ ಮಾಡೋಳು, ಸುಮ್ನೆ ಇರೋಕಾಗಲಿಲ್ಲ.

‘ಕಟ್ ಆಗಿದ್ದರೆ’ ಅಂತ ಬರೆದರೆ ಪೇಂಟರ್ ಕೈಯಲ್ಲಿ ಅದು ‘ಕಟ್ಟಾಗಿದ್ದರೆ’ ಆಗುತ್ತೆ. ಬಿಗಿಯಾಗಿ ಕಟ್ಟಿದ್ದರೆ ಬಳಸಬೇಡಿ ಅಂತ ಓದ್ಕೋಬೇಕಾ? ‘ಹರಿದಿದ್ದರೆ’ ಅನ್ನಿ. ‘ಬಿಗಿಪಟ್ಟಿ ಎತ್ತಬೇಡಿ’ ಅಂತೂ ಪೂರ್ತಿ ತಪ್ಪು. ಬಿದ್ದ ಪಟ್ಟಿಯನ್ನು ಎತ್ತಿಡಬಾರದು ಅಂದ ಹಾಗಾಯ್ತು! ಅದಕ್ಕೆ ಸಾಮಾನು ತೂಗುಹಾಕಿ ಕ್ರೇನಿನಿಂದ ಎತ್ತಬಾರದು ಅನ್ನೋದು ಮೂಲದ ಮಾತು. ‘ಬೆಲ್ಟಿನಿಂದ ಸಾಮಾನು ಎತ್ತಬೇಡಿ’.

ಒಂದು ಸಾಲು ಬಿಟ್ಟೇ ಹೋಗಿದೆ. ಕಲ್ಲಿನ ಅಂಚು ಚೂಪು. ಪಟ್ಟಿ ನೇರವಾಗಿ ಅದರ ಮೇಲೆ ಕೂತರೆ, ಗಾಡಿ ಅಲುಗಾಡಿದ ಹಾಗೆಲ್ಲ ಕೊಯ್ದುಕೊಳ್ಳುತ್ತೆ. ಅಂಚಿಗೆ ಕಾಪು ಕೊಡಬೇಕು. ಮತ್ತೆ ಪಟ್ಟಿಗೆ ಹೊಲಿದ ನೀಲಿ ಚೀಟಿ ಇದೆಯಲ್ಲ, ನೀಲಿ ಅಂದ್ರೆ ಪಾಲಿಯೆಸ್ಟರ್. ಅದರಲ್ಲಿ ಎಲ್‌ಸಿ (ಬೆಲ್ಟಿನ ತಡೆಯುವ ಸಾಮರ್ಥ್ಯ) 2500 ಡೆಕಾನ್ಯೂಟನ್ ಅಂತಿದ್ದರೆ, ನೇರ ಎಳೆತದಲ್ಲಿ ಸುಮಾರು 2500 ಕೆ.ಜಿ. ಭಾರದಷ್ಟು ಬಲ ತಡೆಯುತ್ತೆ ಅಂತ. ಚೀಟಿ ಸವೆದು ಓದೋಕೆ ಬರದಿದ್ದರೆ ಆ ಬೆಲ್ಟನ್ನು ಬಳಕೆಯಿಂದ ತೆಗೀಬೇಕು.

ಪದದ ಮಾತಿಗೆ ಬಂದರೆ, ‘ರ‍್ಯಾಚೆಟ್’ ಒಂದನ್ನೇ ಬರೀಬೇಡಿ. ಗ್ಯಾರೇಜಿನವರಿಗೆ ಅದು ಪಾನಾ. ‘ಬೆಲ್ಟ್’ ಸಾಕು.

ಯಾದಗಿರಿಯಿಂದ:

‘ಹರಿದ’ ಸರಿ. ‘ಕಾಪು’ ಕೂಡ ಸರಿ.

ಶಹಾಬಾದ್‌ನಿಂದ:

ಮೇಡಂ, ದೊಡ್ಡ ಉಪಕಾರ ಆಯ್ತು. ಮಾಲೀಕರಿಗೆ ನಿಮ್ಮ ‘ಎತ್ತಬೇಡಿ’ ಮಾತು ಹೇಳಿದೆ, ನಕ್ಕು ‘ಬೆಲ್ಟ್ ಅಂತಲೇ ಬರೆಸಿ’ ಅಂದರು. ಈಗ ಬೋರ್ಡಿನ ಮೇಲಿರೋದು:

ಹರಿದ ಬೆಲ್ಟು ಬಳಸಬೇಡಿ. ಗಂಟು ಹಾಕಬೇಡಿ. ಕಲ್ಲಿನ ಅಂಚಿಗೆ ಕಾಪು ಕೊಡಿ. ಬೆಲ್ಟಿನಿಂದ ಸಾಮಾನು ಎತ್ತಬೇಡಿ. ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಮತ್ತೆ ಬಿಗಿಯಿರಿ.

ಚೀಟಿಯ ಸಾಲಿಗೆ ಜಾಗ ಸಾಲಲಿಲ್ಲ. ಅದನ್ನು ಸೂಪರ್‌ವೈಸರ್‌ಗೆ ಬಾಯಿಮಾತಲ್ಲಿ ಹೇಳಿದ್ದೇನೆ. ನಾನು ‘ಬೆಲ್ಟ್’ ಅಂತ ಬರೆದುಕೊಟ್ಟಿದ್ದೆ, ಪೇಂಟರ್ ತಾವೇ ‘ಬೆಲ್ಟು’ ಮಾಡಿದ್ದಾರೆ. ಬಣ್ಣ ಒಣಗಿತ್ತು, ಬಿಟ್ಟೆ.

ಮೈಸೂರಿನಿಂದ:

ಕೊನೆಗೆ ಉಕಾರ ಹಚ್ಚಿದ್ದು ಸರಿ. ಈ ಚರ್ಚೆಯಲ್ಲಿ ಕನ್ನಡದ ನಿಯಮ ಪಾಲಿಸಿದವರು ಅವರೊಬ್ಬರೇ.